ಮುಕ್ಕಾಲು ಇಂಚು

“ಆಗಲಿ ಅಮ್ಮಾ” ಎಂದು ಮಗಳು ಹೇಳಿ ನಾಲ್ಕು ದಿನವಾಗಿತ್ತು. ಬೇಡ ಎಂದದ್ದಕ್ಕೆ ಆಗಲಿ ಎಂದವಳ ಮೇಲೆ ಯಾವ ತಾಯಿಗೂ ದೂರು ಇರಬಾರದು. ಆದರೂ ಟೇಪು, ಸೀಮೆಸುಣ್ಣ, ಅಳತೆಪುಸ್ತಕ ತುಂಬಿದ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದ ಅವಳಿಗೆ ಆ ಮಾತು, ಅಂಗಿಯೊಳಗೆ ಮರೆತು ಬಿಟ್ಟ ಗುಂಡುಸೂಜಿಯ ಹಾಗೆ, ಎಲ್ಲಿ ಎಂದು ಸಿಗದೆ ಚುಚ್ಚುತ್ತಿತ್ತು. ಮಗಳು ಕೇಳಿದ್ದು ದೊಡ್ಡದೇನಲ್ಲ. ಆರು ತಿಂಗಳಿಂದ ಅವಳು ಕೆಲಸ ಮಾಡುತ್ತಿರುವ ಶಾಲೆಯ ಹಿಂಭಾಗದಲ್ಲಿ ಟೀಚರುಗಳಿಗೆಂದು ನಾಲ್ಕು ರೂಮುಗಳಿವೆ, ಒಂದು ಖಾಲಿಯಾಗಿದೆ, ಇಪ್ಪತ್ತೊಂದು ತುಂಬದವರಿಗೆ ತಂದೆಯದೋ ತಾಯಿಯದೋ ಸಹಿ ಬೇಕು. ಫಾರಂ ತಂದು ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಇನ್ನೂ ಕತ್ತರಿ ಕಾಣದ ನೀಲಿ ಬಟ್ಟೆಯ ಪಕ್ಕದಲ್ಲಿ, ನೆಂಟರಿಗೆ ನೀರಿಟ್ಟ ಹಾಗೆ ಸದ್ದಿಲ್ಲದೆ ಇಟ್ಟಿದ್ದಳು. ಇವಳು ಅದನ್ನು ಪೂರ್ತಿ ಓದಲೂ ಇಲ್ಲ. “ಎರಡು ಬಸ್ಸಿನ ದೂರಕ್ಕೆ ಯಾರಾದ್ರೂ ಮನೆ ಬಿಡ್ತಾರಾ? ನೋಡಿದೋರು ಏನಂದ್ಕೋತಾರೆ, ಮನೇಲಿ ಏನೋ ಆಗಿದೆ ಅಂತ.” ಮಗಳು ಮೇಜಿನ ಅಂಚನ್ನು ಬೆರಳಿನಿಂದ ಉಜ್ಜುತ್ತ ಒಂದು ಗಳಿಗೆ ನಿಂತಿದ್ದು, ಆಗಲಿ ಅಮ್ಮಾ ಎಂದು ಒಳಗೆ ಹೋದಳು. ಮಾತು ಅಲ್ಲಿಗೆ ಮುಗಿಯಿತು. ಮರುದಿನ ಆ ಫಾರಮ್ಮಿನ ಹಿಂಬದಿಯಲ್ಲಿ ಗಂಡ ಕಾಲರಿನ ಆಕಾರ ಬರೆದು ಕತ್ತರಿಸಿಯೂ ಬಿಟ್ಟಿದ್ದ.

ಅವಳು ಅಂಥ ಮಗಳೇ. ಏಳು ವರ್ಷದಿಂದ ಒಂದು ಎದುರುಮಾತಿಲ್ಲ, ಒಂದು ಹಟವಿಲ್ಲ. ಅಂಗಡಿಗೆ ಬರುವ ಹೆಂಗಸರು “ಮಗಳು ಅಂದ್ರೆ ಹೀಗಿರಬೇಕು ಕಣ್ರೀ, ಮನೇಲಿ ಇದಾಳೋ ಇಲ್ವೋ ಗೊತ್ತಾಗಲ್ಲ” ಎಂದಾಗ ಇವಳು ಬಾಯಲ್ಲಿದ್ದ ದಾರವನ್ನು ಕಚ್ಚಿ ತುಂಡು ಮಾಡುತ್ತ ನಗುತ್ತಿದ್ದಳು. ಇದಾಳೋ ಇಲ್ವೋ ಗೊತ್ತಾಗಲ್ಲ ಎನ್ನುವುದು ಹೊಗಳಿಕೆ ಹೇಗಾಯಿತು ಎಂದು ಅವಳಿಗೆ ಆಗ ಹೊಳೆದಿರಲಿಲ್ಲ. ಇವತ್ತು ಬಸ್ಸು ಸೇತುವೆ ದಾಟುವಾಗ ಯಾಕೋ ಹೊಳೆಯಿತು, ಮತ್ತು ಹೊಳೆದದ್ದು ಹಿಡಿಸಲಿಲ್ಲ.

ಅವಳು ಹೋಗುತ್ತಿದ್ದದ್ದು ಮಗಳ ಶಾಲೆಗೇ. ಈ ವರ್ಷ ಅಲ್ಲಿನ ಸಮವಸ್ತ್ರ ಹೊಲಿಯುವ ಕೆಲಸ ಇವರಿಗೆ ಸಿಕ್ಕಿತ್ತು. ಅಳತೆಗೆ ಹೋಗಬೇಕಾಗಿದ್ದದ್ದು ಶನಿವಾರ. ಶನಿವಾರ ಮಗಳಿಗೆ ರಜೆ. ಅದನ್ನು ಹೇಳಿದಾಗ ಮಗಳು “ಶನಿವಾರಾನಾ? ಆಗಲಿ” ಎಂದಿದ್ದಳು, ಅವಳ ಭುಜಗಳು ಕೊಂಚ ಸಡಿಲಾದ ಹಾಗೆ ತಾಯಿಗೆ ಕಂಡಿತ್ತು. ಮೂವತ್ತು ವರ್ಷ ಭುಜಗಳನ್ನು ನೋಡಿದ ಕಣ್ಣು, ಮೋಸ ಹೋಗುವುದು ಕಮ್ಮಿ. ಆದರೆ ನೆನ್ನೆ ಸಂಜೆ ಶಾಲೆಯಿಂದ ಫೋನು ಬಂತು: ಶನಿವಾರ ಶಾಲೆಯ ಸಭಾಂಗಣ ಬೇರೆ ಕಾರ್ಯಕ್ರಮಕ್ಕೆ ಹೋಗಿದೆ, ನಾಳೆಯೇ ಬನ್ನಿ. ಮಗಳು ಆಗಲೇ ಮಲಗಿದ್ದಳು, ಬೆಳಗ್ಗೆ ಆರೂವರೆಯ ಬಸ್ಸಿಗೆ ಹೊರಟೂ ಹೋಗಿದ್ದಳು. ಒಳ್ಳೆಯದೇ ಆಯಿತು, ಒಟ್ಟಿಗೆ ಊಟ ಮಾಡಬಹುದು ಎಂದುಕೊಂಡು ಇವಳು ಒಂದು ಡಬ್ಬಿ ಹೆಚ್ಚಿಗೆ ಕಟ್ಟಿಕೊಂಡಿದ್ದಳು. ಅಲ್ಲಿ ಏನು ಕೆಲಸ ಎಂದು ಕೇಳಿದಾಗಲೆಲ್ಲ “ಸಣ್ಣ ಮಕ್ಕಳ ಟೀಚರಿಗೆ ಸಹಾಯ ಅಮ್ಮ” ಎನ್ನುತ್ತಿದ್ದಳು. ಹಾಜರಿ ಪುಸ್ತಕ ತರುವುದು, ಬೋರ್ಡು ಒರೆಸುವುದು, ಮೂಲೆಯಲ್ಲಿ ಕೂತು ತಿದ್ದುವುದು. ಮೆತ್ತಗಿನ ಹುಡುಗಿಗೆ ಹೇಳಿ ಮಾಡಿಸಿದ ಕೆಲಸ ಎಂದು ತಾಯಿ ತಾನೇ ಊಹಿಸಿಕೊಂಡು, ತಾನೇ ಸಮಾಧಾನಪಟ್ಟುಕೊಂಡಿದ್ದಳು.

ಸಭಾಂಗಣದಲ್ಲಿ ಅಳತೆ ಬರೆದುಕೊಳ್ಳಲು ಆಫೀಸಿನ ಗುಮಾಸ್ತೆ ಬಂದು ಕೂತಿದ್ದಳು. ಕನ್ನಡಕವನ್ನು ಹಣೆಗೇರಿಸಿಕೊಂಡು ಅದನ್ನೇ ಹುಡುಕುವ ಹೆಂಗಸು. “ನೀವು ಕೂಗಿ ಟೈಲರಮ್ಮ, ನಾನು ಬರೀತೀನಿ. ಕಿವಿ ಸ್ವಲ್ಪ ದೂರ, ಗಂಟಲು ಹತ್ತಿರ ಮಾಡ್ಕೊಳ್ಳಿ.” ಮೊದಲು ಬಂದದ್ದು ಆರೇಳು ವರ್ಷದವು. ಅವಕ್ಕೆ ಗಂಡು ಹೆಣ್ಣು ಎಂಬ ಭೇದವಿಲ್ಲ. ಎಲ್ಲವೂ ತೋಳು ಅಗಲಿಸಿ, ಹೊಟ್ಟೆ ಮುಂದೆ ಬಿಟ್ಟು, ಲೋಕವೇ ತಮ್ಮನ್ನು ಅಳೆಯಲಿ ಎನ್ನುವಂತೆ ನಿಲ್ಲುತ್ತವೆ. ಟೇಪು ಕಂಕುಳಿಗೆ ತಾಗಿದರೆ ಕಿಲಕಿಲ. ಒಂಬತ್ತು ಹತ್ತಕ್ಕೆ ಹುಡುಗಿಯರ ಬಾಯಿ ಜೋರು, ಹುಡುಗರು ಅವರ ಹಿಂದೆ ಅವಿತುಕೊಳ್ಳುತ್ತಾರೆ. ಹನ್ನೆರಡಕ್ಕೆ ತಕ್ಕಡಿ ತಿರುಗುತ್ತದೆ. ಹುಡುಗಿಯರು ಎದೆಯ ಮುಂದೆ ಪುಸ್ತಕ ಹಿಡಿದೇ ಸಾಲಿನಲ್ಲಿ ನಿಂತಿರುತ್ತಾರೆ; ಪುಸ್ತಕ ಕೆಳಗಿಡಮ್ಮಾ ಎಂದರೆ ಪುಸ್ತಕ ಇಳಿಯುತ್ತದೆ, ಭುಜ ಅದರ ಜಾಗಕ್ಕೆ ಬರುತ್ತದೆ. ಹದಿನಾಲ್ಕರ ಹುಡುಗರು ಕೈಕಾಲು ಯಾರದೋ ಸಾಲ ತಂದಂತೆ ನಿಂತು, ಕೇಳಿದ್ದಕ್ಕೆ ಹೂಂ ಎನ್ನಲೂ ನಾಚುತ್ತಾರೆ; ಹದಿನಾರು ದಾಟಿದರೆ ಉಸಿರು ಎಳೆದು ಹಿಡಿದು ಎದೆಗೆ ಎರಡು ಇಂಚು ಸೇರಿಸುತ್ತಾರೆ. ಹುಡುಗರು ಎದೆಯಲ್ಲಿ ಸುಳ್ಳು ಹೇಳುತ್ತಾರೆ, ಹುಡುಗಿಯರು ಬೆನ್ನಲ್ಲಿ ಎಂದು ಅವಳು ಗಂಡನಿಗೆ ಹೇಳುವುದಿತ್ತು. ವಯಸ್ಸಿನ ಗುಣ, ಹವಾಮಾನದ ಹಾಗೆ. ಅದಕ್ಕೆ ತಕ್ಕಂತೆ ಬಟ್ಟೆ ಕತ್ತರಿಸುವುದು ತನ್ನ ಕೆಲಸ, ಯಾಕೆ ಎಂದು ಕೇಳುವುದಲ್ಲ. ಹುಡುಗರ ಸುಳ್ಳನ್ನು ಅವಳು ಕಳೆದು ಬರೆಸುತ್ತಿದ್ದಳು. ಹುಡುಗಿಯರ ಸುಳ್ಳನ್ನು ಹಾಗೇ ಬರೆಸುತ್ತಿದ್ದಳು. ಬೆನ್ನಿನುದ್ದ ಜಾಸ್ತಿ, ಮುಂದಿನುದ್ದ ಕಮ್ಮಿ. ಹಾಗೆ ಹೊಲಿದರೆ ಬಗ್ಗಿದ್ದು ಕಾಣುವುದಿಲ್ಲ, ಅಂಗಿ ಚೆನ್ನಾಗಿ ಕೂರುತ್ತದೆ. ಅದು ಎಲ್ಲರಿಗೂ ಬರುವ ವಿದ್ಯೆಯಲ್ಲ.

“ನಂಗೂ ಜೇಬು ಬೇಕು” ಎಂದಳು ಟೇಪಿನೊಳಗಿದ್ದ ಒಂಬತ್ತು ವರ್ಷದವಳು. ಮುಂದಿನ ಎರಡು ಹಲ್ಲಿನ ನಡುವೆ ಒಂದು ಹಲ್ಲಿಗಾಗುವಷ್ಟು ಸಂದು.

“ಹುಡುಗಿಯರ ಅಂಗಿಗೆ ಜೇಬಿಲ್ಲಮ್ಮ. ಸ್ಕೂಲಿನೋರು ಹಾಗೇ ಹೇಳಿರೋದು.”

“ಹಿಂದೆ ನಿಂತಿದಾನಲ್ಲ, ಅವನಿಗೆ ಎರಡು ಇದೆ. ಒಂದರಲ್ಲಿ ಏನೂ ಇಡಲ್ಲ ಅವನು. ನಾನು ನೋಡಿದೀನಿ.”

“ನೀನೇನು ಇಡ್ತೀಯ?”

“ಅದನ್ನ ನಿಮಗ್ಯಾಕೆ ಹೇಳ್ಬೇಕು?”

ಗುಮಾಸ್ತೆ ಪೆನ್ನು ಕೆಳಗಿಟ್ಟು ನಕ್ಕಳು. “ಇದು ಬಾಯಲ್ಲ ಟೈಲರಮ್ಮ, ಬಸ್‌ಸ್ಟ್ಯಾಂಡು. ಇಪ್ಪತ್ನಾಲ್ಕು ಗಂಟೆ ತೆರೆದಿರುತ್ತೆ.”

“ಗುಡುಗು ಮಿಸ್ಸೇ ಹೇಳಿರೋದು. ಬಾಯಿಬಿಟ್ಟು ಕೇಳದೇ ಇದ್ರೆ ಯಾರೂ ಕೊಡಲ್ಲ ಅಂತ.”

“ಹಾಗ್ಯಾವ ಮಿಸ್ಸಮ್ಮ, ಗುಡುಗು?”

“ಹೊಸಬ್ರು ಬಂದಿದಾರೆ” ಎಂದಳು ಗುಮಾಸ್ತೆ. “ಮಕ್ಕಳಿಗೆ ನಾಟಕ, ಆಟ ಎಲ್ಲಾ ಮಾಡಿಸ್ತಾಳೆ. ಚಿಕ್ಕ ಹುಡುಗಿ. ನಕ್ಕಳು ಅಂದ್ರೆ ನಮ್ಮ ಆಫೀಸಿನ ಕಿಟಕಿ ಗಾಜು ಅಲ್ಲಾಡುತ್ತೆ. ನನ್ನ ಕಿವಿಗೂ ಕೇಳ್ಸುತ್ತೆ ಅಂದ್ರೆ ನೋಡಿ. ಪಾಪ, ರೂಮು ಕೇಳಿದ್ಲು, ಮನೇಲಿ ಒಪ್ಪಲಿಲ್ವೋ ಏನೋ, ಫಾರಮ್ಮೇ ತಂದುಕೊಟ್ಟಿಲ್ಲ. ಇವತ್ತು ಕಡೇ ದಿನ. ಸಂಜೆ ಇನ್ನೊಬ್ರಿಗೆ ಕೊಡ್ತಾರೆ.”

ಟೇಪು ಹುಡುಗಿಯ ಸೊಂಟದ ಸುತ್ತ ಹಾಗೆಯೇ ನಿಂತಿತು. ರೂಮು ಕೇಳಿದ ಟೀಚರುಗಳು ಇಬ್ಬರಿರಬಹುದು, ಮೂವರಿರಬಹುದು ಎಂದು ಅವಳು ಮನಸ್ಸಿನಲ್ಲೇ ಎಣಿಸುತ್ತಿರುವಾಗ ಗೋಡೆಯ ಆಚೆಯಿಂದ ಆ ನಗು ಬಂತು. ಮೊದಲು ಒಂದು ಸಣ್ಣ ಬಿಕ್ಕಳಿಕೆಯಂತೆ, ತಡೆಯಲು ನೋಡಿ ಸೋತ ಹಾಗೆ; ಆಮೇಲೆ ತಗಡಿನ ಮೇಲೆ ಕಾಳು ಸುರಿದ ಹಾಗೆ ಒಂದೇ ಸಮನೆ; ಕೊನೆಗೆ ಉಸಿರು ಸಾಲದೆ ಅಯ್ಯಯ್ಯೋ ಎಂದು. ಆ ಅಯ್ಯಯ್ಯೋ ಅವಳಿಗೆ ಗೊತ್ತು. ಅದು ಎರಡು ವರ್ಷದ ಮಗು ಬಕೀಟಿನೊಳಗೆ ಮುಖವಿಟ್ಟು ಕೂಗಿ ತನ್ನದೇ ದನಿ ವಾಪಸು ಬಂದಾಗ ಕಲಿತದ್ದು. ಮನೆಯ ಡಂಗುರ ಎಂದು ಗಂಡ ಕರೆಯುತ್ತಿದ್ದ. ನಾಲ್ಕು ಮನೆಯಾಚೆಯ ತರಕಾರಿಯವನನ್ನು ನಿಂತಲ್ಲಿಂದಲೇ ಕೂಗಿ ನಿಲ್ಲಿಸುವುದು, ಅಂಗಡಿಯಲ್ಲಿ ಅಳತೆ ಕೂಗಿ ಹೇಳುವುದು, ಗಿರಾಕಿಗೆ “ನಿಮ್ಮ ಹೊಟ್ಟೆ ಹೋದ ವರ್ಷಕ್ಕಿಂತ ಎರಡಿಂಚು ಬೆಳೆದಿದೆ” ಎಂದು ಸಂತೋಷದಿಂದ ತಿಳಿಸುವುದು. ಹದಿಮೂರರ ತನಕ. ಒಂದು ದಿನ ಅಂಗಡಿಗೆ ಇನ್ನೊಂದು ಶಾಲೆಯ ಮುಖ್ಯೋಪಾಧ್ಯಾಯಿನಿ ಬಂದಿದ್ದಳು, ಇನ್ನೂರು ಜೊತೆ ಬಟ್ಟೆಯ ಮಾತಾಡಲು. ಪರದೆಯ ಹಿಂದೆ ಹುಡುಗಿ ತಮ್ಮನ ಜೊತೆ ಸೇರಿ ಇದೇ ನಗು ನಕ್ಕಳು. “ಗಂಟಲು ಜೋರು ನಿಮ್ಮ ಹುಡುಗಿಗೆ” ಎಂದಳು ಆಕೆ, ಬಟ್ಟೆಯ ನಮೂನೆಯಿಂದ ಕಣ್ಣೆತ್ತದೆ. ಅಷ್ಟೇ. ಆಕೆಗೆ ಅದು ನೆನಪೂ ಇರಲಾರದು. ಇವಳು ಮಗಳನ್ನು ಪರದೆಯಿಂದಾಚೆ ಕರೆದು ಆಕೆಯ ಮುಂದೆ ನಿಲ್ಲಿಸಿದ್ದಳು. “ಇಷ್ಟುದ್ದ ಬೆಳೆದಿದೀಯ. ಎದೆ ಮುಂದೆ ಮಾಡ್ಕೊಂಡು ಹಲ್ಲು ಬಿಡ್ತೀಯಲ್ಲ, ನಾಚಿಕೆ ಆಗಲ್ವಾ?” ತಮ್ಮ ಕಿಸಕ್ಕೆಂದ. ಮಗಳ ಕಿವಿ ಎರಡೂ ಕೆಂಪಾದವು. ಕೆಲಸ ಸಿಕ್ಕಿತು. ಆ ಒಂದು ಮಾತಿನಿಂದ ಆಯಿತು ಎಂದುಕೊಂಡರೆ ಹಗುರ. ಆದರೆ ಒಂದು ಹೊಲಿಗೆಯಿಂದ ಅಂಗಿಯಾಗುವುದಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಮೆಲ್ಲಗೆ ನಡಿ, ಮೆಲ್ಲಗೆ ಮಾತಾಡು, ಅದೇನು ಕೂರೋದು, ಅದೇನು ನೋಡೋದು. ಟಕಟಕ ಟಕಟಕ, ದಿನವೂ, ಮಿಷನ್ನಿನ ಮೇಲೆ ಕೂತೇ, ತಲೆಯೆತ್ತದೆ.

“ಟೇಪಮ್ಮ, ಬಿಡ್ತೀರಾ?” ಎಂದಳು ಹುಡುಗಿ.

ಬಿಟ್ಟಳು. ಸಾಲು ಮುಂದೆ ಬಂತು. ಬಾಯಿ ಅಂಕಿಗಳನ್ನು ಕೂಗುತ್ತಿತ್ತು, ಕೈ ಟೇಪು ಎಳೆಯುತ್ತಿತ್ತು. ಅವಳು ಮಾತ್ರ ನಾಲ್ಕು ವರ್ಷದ ಹಿಂದೆ, ಡಾಕ್ಟರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಮಗನಿಗೆ ಆಗ ಹದಿಮೂರು. ಮೂರು ತಿಂಗಳಿಂದ ಮಾತು ಬಿಟ್ಟಿದ್ದ, ತಟ್ಟೆ ಮುಂದೆ ಕೂತು ಗೋಡೆ ನೋಡುತ್ತಿದ್ದ. ಮನೆಯೇ ತಲೆಕೆಳಗಾಗಿತ್ತು. ಗಂಡು ಹುಡುಗ ಹೀಗೆ ಮಂಕಾದರೆ ಹೇಗೆ? ಸೈಕಲ್ಲು ಕೊಡಿಸಿದರು, ಅವನ ಗೆಳೆಯರನ್ನು ಕರೆದು ತಿಂಡಿ ಕೊಟ್ಟರು, ಗಂಡ ಜನ್ಮದಲ್ಲಿ ಮೊದಲ ಸಲ ಕತ್ತರಿ ಕೆಳಗಿಟ್ಟು ಅವನ ಜೊತೆ ಚೆಂಡು ಒದೆಯಲು ಹೋಗಿ ಕಾಲು ಉಳುಕಿಸಿಕೊಂಡ. ಡಾಕ್ಟರು ಒಂದು ಗಂಟೆ ಅವನ ಜೊತೆ ಮಾತಾಡಿದರು. ವಯಸ್ಸು, ಸರಿಹೋಗ್ತಾನೆ ಎಂದರು. ಸರಿಯೂ ಹೋದ. ಎದ್ದು ಬರುವಾಗ ಆ ಡಾಕ್ಟರು ಮೂಲೆಯಲ್ಲಿ ಚೀಲ ಹಿಡಿದುಕೊಂಡು ನಿಂತಿದ್ದ ಹದಿನಾರರ ಮಗಳನ್ನು ನೋಡಿ “ನೀನು ಹೇಗಿದೀಯಮ್ಮ?” ಎಂದು ಕೇಳಿದರು. ಮಗಳು ಬಾಯಿ ತೆರೆದಳು. ನಿಜವಾಗಿಯೂ ತೆರೆದಳು, ಅದು ಈಗ ಕಣ್ಣಿಗೆ ಕಟ್ಟಿದಂತಿದೆ, ಕೆಳತುಟಿ ಒಣಗಿ ಸಿಪ್ಪೆಯೆದ್ದಿತ್ತು. “ಅವಳದೇನಿಲ್ಲ ಡಾಕ್ಟ್ರೇ, ಅವಳು ಬಂಗಾರ” ಎಂದುಬಿಟ್ಟಳು ತಾಯಿ. ಮಗನ ಮೌನಕ್ಕೆ ಮೂರು ತಿಂಗಳಲ್ಲಿ ಡಾಕ್ಟರು ಬಂದರು. ಮಗಳ ಮೌನಕ್ಕೆ ಆಗಲೇ ಮೂರು ವರ್ಷ ತುಂಬಿತ್ತು. ಅದಕ್ಕೆ ಮನೆಯಲ್ಲಿ ಇಟ್ಟಿದ್ದ ಹೆಸರು ತಿಳುವಳಿಕೆ.

ಬಾಗಿಲಲ್ಲಿ ಗದ್ದಲವಾಯಿತು. ಒಂದು ಹಿಂಡು ಮಕ್ಕಳು, ಅವರ ನಡುವೆ ಉದ್ದನೆಯ ಹುಡುಗಿ ಹಿಂದುಹಿಂದಕ್ಕೆ ನಡೆಯುತ್ತ, ಎರಡೂ ಕೈ ಮೇಲೆತ್ತಿ “ರೈಲು ಸ್ಟೇಷನ್‌ಗೆ ಬಂತು, ಬ್ರೇಕೂಊಊ” ಎಂದು ಕೂಗುತ್ತ ಒಳಗೆ ಬಂದಳು. ತಾಯಿಗೆ ಮೊದಲು ಕಂಡದ್ದು ಬೆನ್ನು. ನೆಟ್ಟನೆಯ, ಅಗಲವಾದ, ಅಪರಿಚಿತ ಬೆನ್ನು. ಎಷ್ಟು ಚೆಂದದ ಬೆನ್ನು, ಇಂಥದಕ್ಕೆ ಹೊಲಿಯುವುದು ಎಷ್ಟು ಸುಲಭ ಎಂದು ಕಸಬಿನ ಕಣ್ಣು ಅಂದುಕೊಂಡೂ ಬಿಟ್ಟಿತು. ಆಮೇಲೆ ಟಾಪು ಕಂಡಿತು: ರೆಡಿಮೇಡ್ ಮಾಲು, ಒಂದು ಸೈಜು ದೊಡ್ಡದು, ಭುಜದ ಹೊಲಿಗೆ ತೋಳಿಗೆ ಇಳಿದಿದೆ, ಕಾಲರಿನ ಒಂದು ಮೂಗು ಉದ್ದ ಒಂದು ಗಿಡ್ಡ. ಅಷ್ಟರಲ್ಲಿ ಹುಡುಗಿ ತಿರುಗಿದಳು.

ಮಡಚುವುದು ಎಂದರೆ ಏನೆಂದು ಅವಳಿಗೆ ಗೊತ್ತಿತ್ತು; ದಿನಕ್ಕೆ ಐವತ್ತು ಅಂಗಿ ಮಡಚುವವಳು. ಮೊದಲು ಎರಡು ಕೈ ಕೆಳಗೆ, ಆಮೇಲೆ ಭುಜಗಳು ಒಳಗೆ, ಕುತ್ತಿಗೆ ಮುಂದೆ, ಗಲ್ಲ ಕೆಳಗೆ. ಒಂದು ಉಸಿರಿನೊಳಗೆ ಅವಳ ಕಣ್ಣೆದುರಿಗೇ ಗುಡುಗು ಮಿಸ್ ಮಡಚಿಕೊಂಡು, ಅವಳ ಮಗಳು ಅಲ್ಲಿ ನಿಂತಿದ್ದಳು.

“ಅಮ್ಮಾ. ಊಟ ಆಯ್ತಾ?” ಎಂದಳು. ಹತ್ತಿರ ನಿಂತವರಿಗೆ ಮಾತ್ರ ಕೇಳುವ ಆ ದನಿ.

ಸಂದಿನ ಹಲ್ಲಿನ ಹುಡುಗಿ ಇಬ್ಬರನ್ನೂ ನೋಡಿದಳು. “ಮಿಸ್, ನಿಮ್ಮ ಗಂಟಲಿಗೆ ಏನಾಯ್ತು?”

ಗುಮಾಸ್ತೆ ಕನ್ನಡಕವನ್ನು ಮೂಗಿಗಿಳಿಸಿ ನೋಡಿ, ಮಕ್ಕಳನ್ನು ಕೂಡಿಸುವ ನೆವದಲ್ಲಿ ಆಚೆ ಹೋದಳು. ಆ ಹೆಂಗಸಿಗೆ ಕಿವಿ ಮಂದವಾದರೂ ಬುದ್ಧಿ ಚುರುಕು. ತಾಯಿ ಮಗಳು ಸಭಾಂಗಣದ ಪಕ್ಕದ ಆಟದ ಸಾಮಾನಿನ ಕೋಣೆಗೆ ಹೋದರು. ಚೆಂಡುಗಳು, ಹಗ್ಗ, ರಟ್ಟಿನ ಕಿರೀಟಗಳು. ಮೊಳೆಗೆ ಮಗಳ ಕೈಚೀಲ ನೇತುಬಿದ್ದಿತ್ತು, ಅದರ ಬಾಯಲ್ಲಿ ಬೆಳಗ್ಗೆ ಅವಳು ಮನೆಯಿಂದ ಹಾಕಿಕೊಂಡು ಹೊರಟಿದ್ದ ಹಸಿರು ಟಾಪು, ಅಮ್ಮ ಹೊಲಿದದ್ದು, ನಾಲ್ಕು ಮಡಿಕೆಯಾಗಿ ಇಣುಕುತ್ತಿತ್ತು.

“ಶನಿವಾರ ಅಂದಿದ್ಯಲ್ಲ.”

“ಇವತ್ತಿಗೆ ಹಾಕಿದ್ರು. ನೀನು ಮಲಗಿದ್ದೆ.” ಅವಳು ಮಗಳ ಮೈಮೇಲಿನ ಟಾಪಿನ ಕಾಲರನ್ನು ಮುಟ್ಟಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡಳು. “ಟೈಲರ ಮಗಳು ರೆಡಿಮೇಡ್ ಹಾಕೋದು ಅಂದ್ರೆ ಅಡುಗೆಯವನ ಮಗ ಹೋಟ್ಲಲ್ಲಿ ಉಂಡ ಹಾಗೆ.” ತಮಾಷೆಗೆ ಹೇಳಿದ್ದು. ಮಗಳು ತುಟಿ ಬಿಚ್ಚದೆ ನಕ್ಕಳು, ಗಿರಾಕಿಗಳಿಗೆ ಕುರ್ಚಿ ಕೊಡುವಾಗ ನಗುವ ನಗು.

“ನಾನು ಹೊಲಿದದ್ದರಲ್ಲಿ ಏನು ಕಮ್ಮಿ ಇತ್ತು?”

“ಏನೂ ಇಲ್ಲಮ್ಮ. ಚೆನ್ನಾಗೇ ಕೂರುತ್ತೆ.”

“ಮತ್ತೆ?”

ಮಗಳು ಒಂದು ರಟ್ಟಿನ ಕಿರೀಟ ಎತ್ತಿಕೊಂಡು ಅದರ ಬಣ್ಣದ ಕಾಗದವನ್ನು ಉಗುರಿನಿಂದ ಒತ್ತಿ ಅಂಟಿಸತೊಡಗಿದಳು. “ಬಗ್ಗಿ ನಿಂತ್ರೆ ಚೆನ್ನಾಗಿ ಕೂರುತ್ತೆ. ಇಲ್ಲಿ ಕುಣೀಬೇಕು, ಕೈ ಎತ್ತಬೇಕು. ನೆಟ್ಟಗೆ ನಿಂತ್ರೆ ಮುಂದೆ ಎಳೆಯುತ್ತಮ್ಮ, ಹಿಂದೆ ಚೀಲದ ಥರ ಜೋಲುತ್ತೆ. ಬಸ್ಸಲ್ಲಿ ಬರ್ತಾ ಬರ್ತಾ ಅದೇ ನನ್ನನ್ನ ಮತ್ತೆ ಬಗ್ಗಿಸ್ಕೊಂಡುಬಿಡುತ್ತೆ.”

ಮುಕ್ಕಾಲು ಇಂಚು. ಅವಳಿಗೆ ಅಳತೆಪುಸ್ತಕ ತೆರೆಯಬೇಕಾಗಿರಲಿಲ್ಲ. ಮಗಳಿಗೆ ಹದಿಮೂರು ತುಂಬಿ ಆರು ತಿಂಗಳಾದಾಗ ಮೊದಲು ಕಾಲು ಇಂಚು, ಹದಿನಾಲ್ಕಕ್ಕೆ ಅರ್ಧ, ಹದಿನಾರಕ್ಕೆ ಮುಕ್ಕಾಲು. ಮುಂದೆ ಕಳೆದದ್ದು, ಹಿಂದೆ ಸೇರಿಸಿದ್ದು. ಪ್ರತಿ ಸಲವೂ ಅವಳು ನೋಡಿದ್ದಳು, ಅಳೆದಿದ್ದಳು, ಬರೆದಿದ್ದಳು. ಬೇರೆ ತಾಯಂದಿರಿಗೆ ಮಗಳು ಬಗ್ಗಿದ್ದು ಕಾಣದೆ ಹೋಗಿರಬಹುದು; ಇವಳಿಗೆ ಅದು ಇಂಚಿನ ಲೆಕ್ಕದಲ್ಲಿ ಗೊತ್ತಿತ್ತು. ಗೊತ್ತಿದ್ದೂ “ಯಾಕೆ” ಎಂದು ಕೇಳಲಿಲ್ಲ; ಬಟ್ಟೆ ಸರಿಮಾಡಿದಳು.

“ಒಂದು ಮಾತು ಹೇಳಿದ್ರೆ ಬಿಚ್ಚಿ ಹೊಲೀತಿರಲಿಲ್ವಾ ನಾನು?”

“ನೀನು ಎಲ್ಲರ ಮುಂದೆ ನನ್ನ ತಿರುಗಿಸಿ ತಿರುಗಿಸಿ ತೋರಿಸ್ತಿದ್ದೆ. ನೋಡಿ ಒಂದು ಸುಕ್ಕಿಲ್ಲ ಅಂತ. ಅಷ್ಟು ಖುಷಿಯಾಗಿರ್ತಿದ್ದೆ.” ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಚೆನ್ನಾಗಿತ್ತು.

ಏನಾದರೂ ಮಾಡಬೇಕೆನಿಸಿತು, ಈಗಲೇ, ಕೈಯಲ್ಲಿ. ಕೊರಳಲ್ಲಿದ್ದ ಟೇಪು ತೆಗೆದಳು. “ಬಾ ಇಲ್ಲಿ. ಹೊಸದಾಗಿ ತಗೋತೀನಿ. ನೆಟ್ಟಗೆ ನಿಂತ್ಕೋ, ಆಗ ಹೇಗೆ ನಿಂತಿದ್ಯೋ ಹಾಗೆ.” ಮಗಳು ಕಿರೀಟ ಕೆಳಗಿಟ್ಟು ಬಂದು ಬೆನ್ನು ತಿರುಗಿಸಿ ನಿಂತಳು. ಏಳು ವರ್ಷದ ಅಭ್ಯಾಸ, ಕರೆದರೆ ಬರುತ್ತಾಳೆ. ಉಸಿರೆಳೆದು ಭುಜಗಳನ್ನು ಹಿಂದಕ್ಕೆ ತಂದಳು. ಟೇಪಿನ ತಗಡಿನ ತುದಿ ಕುತ್ತಿಗೆಯ ಮೂಳೆಗೆ ತಾಗಿತು. ಬೆನ್ನಿನ ಮೇಲೆ ಟೇಪು ಇಳಿಯುತ್ತಿದ್ದಂತೆ, ಬೆರಳ ಕೆಳಗೇ, ಆ ಬೆನ್ನು ನಿಧಾನವಾಗಿ ಮುಂದಕ್ಕೆ ಜಾರಿತು. “ನೆಟ್ಟಗೆ” ಎಂದಳು. ಮಗಳು ಮತ್ತೆ ಎತ್ತಿದಳು. ಮತ್ತೆ ಜಾರಿತು. ಮೂರನೆಯ ಸಲ ಆ ಕುತ್ತಿಗೆಯ ಮೇಲೆ ಸಣ್ಣಗೆ ಬೆವರು ಕಂಡಿತು. ಅಳತೆ ಹಳೆಯದೇ ಬಂತು, ಒಂದು ಕೂದಲು ಹೆಚ್ಚಿಲ್ಲ ಕಮ್ಮಿಯಿಲ್ಲ.

“ಆಗ್ತಿಲ್ಲಮ್ಮ” ಎಂದಳು ಮಗಳು ಗೋಡೆಗೆ ಮುಖಮಾಡಿಕೊಂಡೇ. “ನೀನು ಹಿಂದೆ ನಿಂತಿದ್ರೆ ತಾನೇ ಹಾಗಾಗುತ್ತೆ. ನಂಗೆ ಸಿಟ್ಟಿಲ್ಲ ನಿನ್ನ ಮೇಲೆ. ನಿಜವಾಗ್ಲೂ ಇಲ್ಲ. ಮನೇಲೂ ನಗಬೇಕು ಅಂತ ಎಷ್ಟೋ ಸಲ ಬಾಗಿಲ ತನಕ ಅಂದ್ಕೊಂಡು ಬರ್ತೀನಿ.”

ತಾಯಿ ಟೇಪನ್ನು ಬೆರಳಿಗೆ ಸುತ್ತಿಕೊಂಡಳು. “ಆಗ ನಕ್ಕೆಯಲ್ಲ, ಜೋರಾಗಿ, ಏನಕ್ಕೆ?” ಎಂದು ಕೇಳಿದಳು. ಕೇಳಿದ ದನಿ ಬೇರೆಯವರ ಮನೆಯಲ್ಲಿ ಇನ್ನೊಂದು ತುತ್ತು ಕೇಳಿದಂತಿತ್ತು.

“ಅದಾ? ಒಬ್ಬ ಹುಡುಗ ನಾಟಕದಲ್ಲಿ ಮರ ಆಗಿದ್ದ. ಮರ ಆಗಿದ್ದಾಗ ಸೀನು ಬಂತು. ಇನ್ನೊಬ್ಬ, ಮಿಸ್ ಮರಕ್ಕೆ ನೆಗಡಿ, ಬೇರಿಗೆ ಸಾಕ್ಸ್ ಹಾಕೋಣ ಅಂದ.” ಮಗಳು ಅದನ್ನು ಪೂರ್ತಿಯಾಗಿ, ಪ್ರಾಮಾಣಿಕವಾಗಿ, ಬಸ್ಸಿನ ವೇಳೆ ಹೇಳುವ ದನಿಯಲ್ಲಿ ಹೇಳಿದಳು. ತಾಯಿ ನಕ್ಕಳು. ಬೇಕಾದ್ದಕ್ಕಿಂತ ಜೋರಾಗಿ ನಕ್ಕಳು, ನಗು ಮುಗಿದ ಮೇಲೂ ಸ್ವಲ್ಪ ಹೊತ್ತು ನಕ್ಕಳು. ಮಗಳು ಕಾಯುತ್ತ ನಿಂತಿದ್ದಳು. ಬೆಲ್ಲು ಹೊಡೆಯಿತು. “ಕ್ಲಾಸಿದೆ ಅಮ್ಮ. ಹೋಗ್ಲಾ?” ಎಂದು ಕೇಳಿ, ಒಪ್ಪಿಗೆಗೆ ಕಾದು, ಹೋದಳು. ಡಬ್ಬಿ ಚೀಲದಲ್ಲೇ ಉಳಿಯಿತು.

ಉಳಿದ ಸಾಲನ್ನು ಅವಳು ಮೂರು ಗಂಟೆಗೆ ಮುಗಿಸಿದಳು. ಹನ್ನೆರಡು ಹದಿಮೂರರ ಹುಡುಗಿಯರ ಮುಂದೆ ಟೇಪು ಹಿಡಿದು ನಿಂತಾಗ ನೆಟ್ಟಗೆ ನಿಲ್ಲಮ್ಮ ಎನ್ನಲು ಬಾಯಿ ಬರಲಿಲ್ಲ. ಬಗ್ಗಿದ್ದನ್ನು ಹಾಗೇ ಬರೆಸಲೂ ಬಾಯಿ ಬರಲಿಲ್ಲ. ಕಣ್ಣಂದಾಜಿನಲ್ಲಿ ಬಗ್ಗದ ಬೆನ್ನಿನ ಅಳತೆ ಕೂಗಿದಳು. ಹೊಲಿದು ಬಂದ ಮೇಲೆ ಮುಂದೆ ಜೋಲುತ್ತದೆ ಎಂದು ತಾಯಂದಿರು ಜಗಳಕ್ಕೆ ಬರುತ್ತಾರೆ, ಬರಲಿ. ಹಾಗೆ ಮಾಡಿದ್ದರಿಂದ ಸಮಾಧಾನವೇನೂ ಆಗಲಿಲ್ಲ. ಬೇರೆಯವರ ಮಕ್ಕಳಿಗೆ ಅರ್ಧ ಇಂಚು ದಾನ ಮಾಡುವುದು ಯಾವ ದೊಡ್ಡ ಮಾತು.

ಆಫೀಸಿನಲ್ಲಿ ಗುಮಾಸ್ತೆ ಅಳತೆಯ ಹಾಳೆಗಳನ್ನು ಜೋಡಿಸುತ್ತಿದ್ದಳು. “ನಿಮ್ಮ ಮಗಳಂತೆ! ಬೆಳಗ್ಗಿಂದ ಕೂತು ಅವಳ ಸುದ್ದೀನೇ ಹೇಳ್ತಿದೀನಿ, ಒಂದು ಮಾತು ಅನ್ನೋದಲ್ವಾ? ಇಷ್ಟು ತಣ್ಣಗಿನ ಅಮ್ಮಂಗೆ ಅಂಥ ಸಿಡಿಲು ಹೇಗೆ ಹುಟ್ತು ಮಾರಾಯ್ರೆ! ಮನೇಲಿ ನಿಮ್ಮ ಕಿವಿ ಗತಿ ಏನು?”

“ಅಭ್ಯಾಸ ಆಗೋಗಿದೆ” ಎಂದಳು. ಸುಳ್ಳು ಸರಾಗವಾಗಿ ಬಂತು, ಅದರ ರುಚಿಯನ್ನು ಒಂದು ಕ್ಷಣ ಬಾಯಲ್ಲಿಟ್ಟುಕೊಂಡಳು. “ಆ ರೂಮಿನ ಫಾರಂ ಇನ್ನೊಂದು ಇದ್ರೆ ಕೊಡಿ. ಮನೇಲಿದ್ದದ್ದು ಹಾಳಾಯ್ತು.”

ಗುಮಾಸ್ತೆ ಡ್ರಾಯರ್ ಎಳೆದು ಫಾರಂ ತೆಗೆದಳು. ತಾಯಿಯ ಹೆಸರಿನ ಎದುರು ಅವಳು ಸಹಿ ಮಾಡಿದಳು. ಸೀಮೆಸುಣ್ಣ ಹಿಡಿದ ಬೆರಳು, ಕಾಗದದ ಮೇಲೆ ಬಿಳಿ ಗುರುತು ಬಿತ್ತು, ಉಜ್ಜಿದರೆ ಹರಡಿತು. “ಇಲ್ಲೊಂದು ಕಲಂ ಇದೆ” ಎಂದಳು ಕಾಗದದ ಮೇಲೆ ಬಗ್ಗಿದ್ದ ಗುಮಾಸ್ತೆ. “ಮನೆ ಇದೇ ಊರಲ್ಲಿದ್ರೂ ರೂಮು ಬೇಕಾದ ಕಾರಣ. ಏನಂತ ಬರೀಲಿ?”

ಅವಳು ಆ ಖಾಲಿ ಗೆರೆಯನ್ನು ನೋಡಿದಳು. ಅರ್ಧ ಗೇಣು ಇರಬಹುದು.

“ಪ್ರಯಾಣದ ತೊಂದರೆ ಅಂತ ಹಾಕ್ಲಾ? ಎಲ್ಲರೂ ಅದೇ ಹಾಕೋದು.”

“ಹಾಕಿ.”

“ಕರೀಲಾ ಅವಳನ್ನ? ಪಕ್ಕದ ಕ್ಲಾಸಲ್ಲೇ ಇದಾಳೆ. ನೀವೇ ಹೇಳಿದ್ರೆ ಕುಣಿದಾಡಿಬಿಡ್ತಾಳೆ.”

“ಬೇಡ, ಪಾಠ ನಡೀತಿರುತ್ತೆ. ನಾನು ಹೋದಮೇಲೆ ಹೇಳಿ.” ಬಾಗಿಲ ತನಕ ಹೋಗಿ ನಿಂತಳು. “ಹಿಂದಿನಿಂದ ದಾರಿ ಇದೆಯಾ?”

“ಇದೆ, ನೀರಿನ ಟ್ಯಾಂಕು ಸುತ್ತಿ ಹೋಗ್ಬೇಕು. ಮುಂದಿನ ಬಾಗಿಲೇ ಹತ್ತಿರ ಅಲ್ವಾ?”

ಮುಂದಿನ ಬಾಗಿಲಿಗೆ ಹೋಗಬೇಕಾದರೆ ಆ ಕ್ಲಾಸಿನ ಮುಂದೆ ಹಾದು ಹೋಗಬೇಕು. “ಬಿಸಿಲು ಆ ಕಡೆ” ಎಂದಳು.

ಹಿಂದೆ ಗೋಡೆಗೂ ಕಾಂಪೌಂಡಿಗೂ ನಡುವೆ ಒಬ್ಬರು ನಡೆಯುವಷ್ಟು ಜಾಗ. ಒಡೆದ ಬೆಂಚುಗಳು, ಕಳಚಿದ ಬೋರ್ಡು, ತಲೆಯ ಮೇಲೆ ಕ್ಲಾಸುಗಳ ಕಿಟಕಿಗಳು. ಎರಡನೆಯ ಕಿಟಕಿಯ ಕೆಳಗೆ ಬಂದಾಗ ಅದು ಶುರುವಾಯಿತು. ಗೋಡೆಯಾಚೆಯಿಂದಲ್ಲ, ನೆತ್ತಿಯ ಮೇಲೇ. ಮೊದಲ ಬಿಕ್ಕಳಿಕೆ, ಆಮೇಲೆ ಸುರಿದದ್ದು, ಮಕ್ಕಳ ಕೂಗಿನ ನಡುವೆ ಎದ್ದು ನಿಂತ ಆ ನಗು. ಅವಳು ಚೀಲವನ್ನು ಎದೆಗವುಚಿಕೊಂಡು ಗೋಡೆಗೆ ಒರಗಿ ನಿಂತಳು. ಮನೆಗೆ ಹೋದ ಮೇಲೆ ಗಂಡನಿಗೆ ಹೇಳಬೇಕು, ಮಗನಿಗೆ ಹೇಳಬೇಕು, ಮಂಚ ಯಾವುದು ಕೊಡುವುದು ನೋಡಬೇಕು. ಇನ್ನೊಂದು ನಿಮಿಷ ನಿಲ್ಲಬಹುದು. ಅಯ್ಯಯ್ಯೋ ಎನ್ನುವ ತನಕ ನಿಂತು ಹೋಗಬಹುದು.

ಕಿಟಕಿಯಲ್ಲಿ ಒಂದು ತಲೆ ಕಾಣಿಸಿತು. ಆ ಸಂದಿನ ಹಲ್ಲಿನ ಹುಡುಗಿ, ನಗುವಿನ ಕೆಂಪು ಇನ್ನೂ ಮುಖದಲ್ಲಿತ್ತು. ಕೆಳಗೆ ನೋಡಿದಳು, ಗುರುತು ಹಿಡಿದಳು, ಕಣ್ಣು ಅರಳಿತು, ಒಳಗೆ ತಿರುಗಿ ಕೂಗಲು ಬಾಯಿ ದೊಡ್ಡದಾಗಿ ತೆರೆದಳು.

ತಾಯಿ ತಟ್ಟನೆ ತುಟಿಯ ಮೇಲೆ ಬೆರಳಿಟ್ಟು, ಹುಬ್ಬು ಗಂಟಿಕ್ಕಿ, ತಲೆಯಾಡಿಸಿದಳು.

ಹುಡುಗಿ ಬಾಯಿ ಮುಚ್ಚಿಕೊಂಡಳು. ತಾನೂ ತುಟಿಯ ಮೇಲೆ ಬೆರಳಿಟ್ಟುಕೊಂಡು, ತುಂಬ ಜಾಣೆಯ ಹಾಗೆ, ಕಿಟಕಿಯಿಂದ ಮೆಲ್ಲಗೆ ಕೆಳಗಿಳಿದಳು.